ಸ್ವೆತ್ಲಾನಾ: ಒಂದು ಹೆಸರನ್ನು ಹಿಂದಕ್ಕೆ ಎಣಿಸಿದ ನನ್ನ ಅನುಭವ

ವ್ಯಕ್ತಿನಾಮಗಳನ್ನು ಒಂದೊಂದಾಗಿ ಚೀಟಿಯಲ್ಲಿ ಬರೆದಿಟ್ಟು ಅಭ್ಯಾಸವಿರುವವರಿಗೆ ಅಂಥ ಚೀಟಿ ಬರೆಯುವುದು ಹೇಗೆಂದು ನಾನು ಹೇಳಿಕೊಡಬೇಕಾಗಿಲ್ಲ. ಒಂದೇ ಒಂದು ರಷ್ಯನ್ ಹೆಸರಿಗಾಗಿ ಎರಡೂವರೆ ವರ್ಷ ಹೇಗೆ ಹೋಯಿತು, ಎಲ್ಲರೂ ಸಾವಿರ ವರ್ಷದ ಹಳೆಯದೆಂದು ನಂಬಿದ್ದ ಆ ಹೆಸರಿನ ವಯಸ್ಸು ಇನ್ನೂರಿಪ್ಪತ್ತು ವರ್ಷಗಳ ಆಸುಪಾಸಿನದೆಂದು ಹೇಗೆ ಗೊತ್ತಾಯಿತು ಎಂಬುದನ್ನು ಮಾತ್ರ ಬರೆದಿಡುತ್ತೇನೆ. ನನ್ನ ಕ್ರಮವನ್ನು ಕಂಡು ನಕ್ಕಿದ್ದ ಇಬ್ಬರು ಈಗ ತಮ್ಮ ಕೆಲಸಕ್ಕೂ ಅದನ್ನೇ ಹಿಡಿದಿದ್ದಾರೆ ಎಂಬುದು ಬರೆಯಲು ಇನ್ನೊಂದು ಕಾರಣವೆಂದರೆ ಸುಳ್ಳಾಗದು.

ಮೊದಲ ವರ್ಷವನ್ನು ನಾನು ಪೂರ್ತಿ ಹಾಳುಮಾಡಿಕೊಂಡೆ. ನಾಮಕೋಶವೊಂದಕ್ಕೆ ‘ಸ್ವೆತ್ಲಾನಾ’ ಎಂಬ ನಮೂದು ಬರೆದುಕೊಡುವಂತೆ ಸಂಪಾದಕರೊಬ್ಬರು ಕೇಳಿದಾಗ, ನಮ್ಮಲ್ಲಿ ಎಲ್ಲರೂ ಮಾಡುವಂತೆ ನಾನೂ ಧಾತುವಿನಿಂದ, ಅಂದರೆ ಪದದ ಬೇರಿನಿಂದ, ಹೊರಟೆ. ರಷ್ಯನ್ನಿನ ‘ಸ್ವೆತ್’ ಎಂದರೆ ಬೆಳಕು, ಅದೇ ಪದಕ್ಕೆ ಲೋಕವೆಂಬ ಅರ್ಥವೂ ಇದೆ. ‘ಸ್ವೆತ್ಲಿ’ ಎಂದರೆ ಬೆಳಗುವ, ತಿಳಿಯಾದ. ನಮ್ಮ ಸಂಸ್ಕೃತದ ‘ಶ್ವೇತ’ವೂ ಈ ‘ಸ್ವೆತ್’ ಪದವೂ ಒಂದೇ ಮೂಲದಿಂದ ಕವಲೊಡೆದವು. ಇಷ್ಟು ಕೈಗೆ ಸಿಕ್ಕೊಡನೆ ನನಗೆ ತಲೆ ನಿಲ್ಲಲಿಲ್ಲ. ನಮ್ಮೂರಿನ ಪ್ರತಿ ತರಗತಿಯಲ್ಲೂ ಇರುವ ಶ್ವೇತಾಳಿಗೆ ಮಾಸ್ಕೋದಲ್ಲಿ ಒಬ್ಬ ಅಕ್ಕ ಸಿಕ್ಕಳೆಂಬ ಸಂಭ್ರಮದಲ್ಲಿ, ಈ ಹೆಸರು ಆರ್ಯಭಾಷೆಗಳ ಕಾಲದಿಂದ ಹರಿದು ಬಂದಿದೆ ಎಂದು ಹನ್ನೊಂದು ಪುಟ ಬರೆದು ಕಳುಹಿಸಿದೆ. ಸಂಪಾದಕರು ಅಂಚಿನಲ್ಲಿ ಪೆನ್ಸಿಲಿನಿಂದ ಒಂದೇ ಪ್ರಶ್ನೆ ಬರೆದು ಮರಳಿಸಿದರು: “1700ರಲ್ಲಿ ಈ ಹೆಸರಿನ ಒಬ್ಬ ಹೆಂಗಸನ್ನು ತೋರಿಸಿ.” ನನ್ನ ಬಳಿ ಒಬ್ಬಳೂ ಇರಲಿಲ್ಲ.

ಹಣದ ಲೆಕ್ಕವೂ ಇಲ್ಲೇ ಬರಲಿ. ರಷ್ಯನ್ ಪುಟಗಳನ್ನು ಅನುವಾದಿಸಿಕೊಡಲು ಒಬ್ಬರಿಗೆ ಸುಮಾರು ಆರು ಸಾವಿರ ಕೊಟ್ಟೆ. ಅವರು ತಂದುಕೊಟ್ಟದ್ದು ನನಗೆ ಬೇಕಾದ ಪುಟಗಳಾಗಿರಲಿಲ್ಲ. ಹೆಸರುಗಳ ಒಂದು ದಪ್ಪ ಕೋಶಕ್ಕೆ ಮೂರು ಸಾವಿರದ ಚಿಲ್ಲರೆ ತೆತ್ತೆ, ಅದರಲ್ಲಿ ಈ ಹೆಸರಿನ ಮುಂದೆ ‘ಪ್ರಾಚೀನ ಸ್ಲಾವ್’ ಎಂಬ ಎರಡು ಪದಗಳಷ್ಟೇ ಇದ್ದವು. ಕೊನೆಗೆ ನಿಜವಾಗಿ ಕೆಲಸಕ್ಕೆ ಬಂದದ್ದು ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆಯ ಪುಸ್ತಕಗಳ ರಾಶಿಯಿಂದ ಐವತ್ತು, ಅರವತ್ತು ರೂಪಾಯಿಗೆ ಆಯ್ದು ತಂದ ಸೋವಿಯತ್ ಕಾಲದ ಸಚಿತ್ರ ಸಂಚಿಕೆಗಳು ಮತ್ತು ಕ್ರೀಡಾಪಟುಗಳ ಪಟ್ಟಿಗಳು.

ಅವು ಕೈಗೆ ಬಂದ ಮೇಲೆ ನಾನು ದಿಕ್ಕು ಬದಲಿಸಿದೆ. ಧಾತುವಿನಿಂದ ಈಚೆಗೆ ಬರುವುದನ್ನು ಬಿಟ್ಟು, ಈಗಿನವರಿಂದ ಹೊರಟು, ಹುಟ್ಟಿದ ವರ್ಷ ಖಚಿತವಾಗಿ ತಿಳಿದಿರುವ ಸ್ವೆತ್ಲಾನಾಗಳನ್ನು ಮಾತ್ರ ಒಂದೊಂದು ಚೀಟಿಯಲ್ಲಿ ಬರೆದು, ವರ್ಷದ ಕ್ರಮದಲ್ಲಿ ಹಿಂದಕ್ಕೆ ಜೋಡಿಸುತ್ತ ಹೋದೆ. ಟೆನಿಸ್‌ನ ಕುಜ್ನೆತ್ಸೊವಾ 1985, ಜಿಮ್ನಾಸ್ಟಿಕ್ಸ್‌ನ ಹೊರ್ಕಿನಾ 1979, ಬೊಗಿನ್ಸ್ಕಾಯಾ 1973. ಬಾಹ್ಯಾಕಾಶದಲ್ಲಿ ನೌಕೆಯಿಂದ ಹೊರಬಂದ ಮೊದಲ ಮಹಿಳೆ ಸವಿತ್ಸ್ಕಾಯಾ ಮತ್ತು 2015ರ ನೊಬೆಲ್ ಪಡೆದ ಅಲೆಕ್ಸಿಯೆವಿಚ್ ಇಬ್ಬರೂ 1948ರವರು. ನಟಿ ಸ್ವೆತ್ಲಿಚ್ನಾಯಾ 1940. ಹೆಸರಿನಲ್ಲೂ ಮನೆತನದ ಹೆಸರಿನಲ್ಲೂ ಬೆಳಕೇ ಇರುವ ಆಕೆಯ ಚೀಟಿಯನ್ನು ಇಂದಿಗೂ ನಾನು ಬೇರೆಯಾಗಿ ಇಟ್ಟಿದ್ದೇನೆ. ಒಟ್ಟು ಆರುನೂರರ ಹತ್ತಿರ ಚೀಟಿಗಳಾದವು. ದಪ್ಪನೆಯ ಕಟ್ಟು 1930ರ ದಶಕದ ನಡುವಿನಿಂದ 1970ರ ದಶಕದವರೆಗೆ ಬಿದ್ದಿತು. ಆಮೇಲೆ ಅದು ತೆಳ್ಳಗಾಗುತ್ತದೆ, ಇಂದಿನ ರಷ್ಯಾದಲ್ಲಿ ಹೆಣ್ಣುಮಗುವಿಗೆ ಸೋಫಿಯಾ, ಮರಿಯಾ, ಅನ್ನಾ ಎಂದು ಇಡುವವರೇ ಹೆಚ್ಚು. ಒಬ್ಬಳೇ ಹೆಂಗಸು ಮದುವೆಗೆ ಮೊದಲಿನ ಮತ್ತು ಅನಂತರದ ಮನೆತನದ ಹೆಸರುಗಳಲ್ಲಿ ಎರಡು ಬಾರಿ ಎಣಿಕೆಯಾಗದಂತೆ ತಡೆಯಲು ನಾನು ಮಾಡಿಕೊಂಡಿರುವ ಒಂದು ಉಪಾಯವಿದೆ, ಅದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಹಿಂದಕ್ಕೆ ಹೋದಂತೆ ಚೀಟಿಗಳು ವಿರಳವಾದವು. 1926ಕ್ಕೆ ಸ್ಟಾಲಿನ್ ಮಗಳು ಸಿಕ್ಕಳು. ಈಕೆ ನಮ್ಮ ಹಿರಿಯರಿಗೂ ನೆನಪಿರುವ ಸ್ವೆತ್ಲಾನಾ: ತನ್ನ ಸಂಗಾತಿ ಬ್ರಜೇಶ್ ಸಿಂಗರ ಚಿತಾಭಸ್ಮವನ್ನು ಹಿಡಿದು 1966ರ ಡಿಸೆಂಬರಿನಲ್ಲಿ ಭಾರತಕ್ಕೆ ಬಂದು, ಉತ್ತರ ಪ್ರದೇಶದ ಕಾಲಾಕಾಂಕರ್‌ನಲ್ಲಿದ್ದು, 1967ರ ಮಾರ್ಚ್‌ನಲ್ಲಿ ಆಶ್ರಯ ಕೋರಿ ದೆಹಲಿಯ ಅಮೆರಿಕನ್ ರಾಯಭಾರ ಕಚೇರಿಯ ಮೆಟ್ಟಿಲು ಹತ್ತಿದವಳು. ಆಕೆಯಿಂದ ಹಿಂದಕ್ಕೆ, 1917ರ ಕ್ರಾಂತಿಗೂ ಮೊದಲಿನ ಕಾಲದಲ್ಲಿ, ನನ್ನ ಪೆಟ್ಟಿಗೆಯಲ್ಲಿ ಹೆಂಗಸರ ಬದಲು ಹಡಗುಗಳು ಸಿಗತೊಡಗಿದವು. 1905ರಲ್ಲಿ ಜಪಾನಿನೊಡನೆ ನಡೆದ ತ್ಸುಶಿಮಾ ಕಾಳಗದಲ್ಲಿ ಮುಳುಗಿದ ಯುದ್ಧನೌಕೆ ಸ್ವೆತ್ಲಾನಾ. ಅದಕ್ಕೂ ಹಿಂದೆ, ಫ್ರಾನ್ಸಿನ ಬೋರ್ಡೊದಲ್ಲಿ ಕಟ್ಟಿ 1858ರಲ್ಲಿ ನೀರಿಗಿಳಿಸಿದ ಫ್ರಿಗೇಟ್ ಎಂಬ ಬಗೆಯ ಯುದ್ಧನೌಕೆ ಸ್ವೆತ್ಲಾನಾ. ರಷ್ಯಾದ ಬಂದರು ನಗರ ವ್ಲಾದಿವೊಸ್ತೋಕ್‌ನ ಮುಖ್ಯ ಬೀದಿ ಸ್ವೆತ್ಲಾನ್ಸ್ಕಾಯಾಕ್ಕೆ ಹೆಸರು ಬಂದದ್ದೂ ಆ ಫ್ರಿಗೇಟಿನಿಂದಲೇ, ಯಾವ ಹೆಣ್ಣಿನಿಂದಲೂ ಅಲ್ಲ. ಹಡಗಿಗೆ, ಬೀದಿಗೆ ಇಡುತ್ತಿದ್ದ ಹೆಸರನ್ನು ಮಗುವಿಗೆ ಇಡುತ್ತಿರಲಿಲ್ಲವೆಂದರೆ ನಡುವೆ ಯಾವುದೋ ಅಡ್ಡಗೋಡೆ ಇರಲೇಬೇಕೆಂದು ಆಗ ತೋಚಿತು.

ಅಡ್ಡಗೋಡೆ ಇಗರ್ಜಿಯದು. ಆರ್ಥೊಡಾಕ್ಸ್ ಪಂಚಾಂಗದಲ್ಲಿರುವ ಸಂತರ ಹೆಸರನ್ನೇ ಮಗುವಿಗೆ ಇಡಬೇಕಿತ್ತು, ಸ್ವೆತ್ಲಾನಾ ಎಂಬ ಸಂತಳು ಅಲ್ಲಿ ಇರಲಿಲ್ಲ. ಹಾಗಾಗಿ ಇಂದಿಗೂ ಅನೇಕ ಸ್ವೆತ್ಲಾನಾಗಳು ದೀಕ್ಷಾಸ್ನಾನದಲ್ಲಿ ಫೊತಿನಾ ಎಂಬ ಹೆಸರು ಪಡೆಯುತ್ತಾರೆ. ಗ್ರೀಕಿನಲ್ಲಿ ‘ಫೋಸ್’ ಎಂದರೂ ಬೆಳಕೇ, ಮತ್ತು ಬಾವಿಯ ಬಳಿ ಯೇಸುವಿನೊಡನೆ ಮಾತಾಡಿದ ಸಮಾರ್ಯದ ಹೆಂಗಸಿಗೆ ಸಂಪ್ರದಾಯ ಕೊಟ್ಟಿರುವ ಹೆಸರದು. ಪಂಚಾಂಗದ ಕಟ್ಟು ಸಡಿಲಿದ ಸೋವಿಯತ್ ಕಾಲದಲ್ಲಿ ಈ ಹೆಸರು ಒಮ್ಮೆಲೇ ಹಬ್ಬಿದ್ದು ಏಕೆಂಬುದಕ್ಕೆ ಸ್ಟಾಲಿನ್ ಮಗಳಿಗಿಂತ ಇದೇ ದೊಡ್ಡ ಕಾರಣವೆಂಬುದು ನನ್ನ ಅಭಿಪ್ರಾಯ, ಸಂಪಾದಕರು ಇಂದಿಗೂ ಒಪ್ಪಿಲ್ಲ.

ಹಡಗುಗಳಿಂದಲೂ ಹಿಂದೆ ಹೋದರೆ ಉಳಿಯುವುದು ಕಾವ್ಯ. ರಷ್ಯನ್ ಕವಿ ಜುಕೊವ್ಸ್ಕಿ ಬರೆದು 1813ರಲ್ಲಿ ಅಚ್ಚಾದ ‘ಸ್ವೆತ್ಲಾನಾ’ ಎಂಬ ಕಥನಕವನದಲ್ಲಿ ಹುಡುಗಿಯೊಬ್ಬಳು ಹಬ್ಬದ ಸಂಜೆ ಮೇಣದಬತ್ತಿ ಹಚ್ಚಿ, ಕನ್ನಡಿಯ ಮುಂದೆ ಕುಳಿತು, ತನ್ನ ವರನ ಸುದ್ದಿ ತಿಳಿಯಲು ಶಕುನ ನೋಡುತ್ತಾಳೆ. ಪುಷ್ಕಿನ್ ತನ್ನ ‘ಯೆವ್ಗೆನಿ ಒನೆಗಿನ್’ ಎಂಬ ಪದ್ಯಕಾದಂಬರಿಯ ಐದನೆಯ ಅಧ್ಯಾಯದ ನೆತ್ತಿಯ ಮೇಲೆ ಇಟ್ಟದ್ದು ಇದರ ಸಾಲುಗಳನ್ನೇ. ಅದಕ್ಕೂ ಹಿಂದೆ, 1802ರಲ್ಲಿ, ವೊಸ್ತೊಕೊವ್ ಬರೆದ ‘ಸ್ವೆತ್ಲಾನಾ ಮತ್ತು ಮ್ಸ್ತಿಸ್ಲಾವ್’ ಎಂಬ ಕಾವ್ಯವಿದೆ. ಅಲ್ಲಿಗೆ ನನ್ನ ಪೆಟ್ಟಿಗೆಯ ಕೊನೆಯ ಚೀಟಿ. ಈ ವೊಸ್ತೊಕೊವ್ ಹುಟ್ಟಿದ್ದು ಇಂದಿನ ಎಸ್ಟೋನಿಯಾದ ಸಾರೆಮಾ ದ್ವೀಪದ ಜರ್ಮನ್ ಮಾತಿನ ಕುಟುಂಬದಲ್ಲಿ, ಮೂಲ ಹೆಸರು ಓಸ್ಟನೆಕ್. ಜರ್ಮನ್ನಿನ ‘ಓಸ್ಟ್’, ಅಂದರೆ ಪೂರ್ವ, ಎಂಬುದನ್ನು ರಷ್ಯನ್ನಿನ ‘ವೊಸ್ತೋಕ್’ ಮಾಡಿ ತನ್ನ ಹೆಸರನ್ನೇ ಅನುವಾದಿಸಿಕೊಂಡವನು, ಮುಂದೆ ಸ್ಲಾವ್ ಭಾಷಾಶಾಸ್ತ್ರಕ್ಕೆ ತಳಪಾಯ ಹಾಕಿದವರಲ್ಲಿ ಒಬ್ಬನು. ಕೇಳಿದವರಿಗೆಲ್ಲ ಪ್ರಾಚೀನವೆಂದೇ ತೋರುವ ಹೆಸರನ್ನು ಕಟ್ಟಲು ಬೇಕಾದ ಕಿವಿ ಅವನಿಗಿತ್ತು.

“ಚೀಟಿ ಸಿಗಲಿಲ್ಲವೆಂದರೆ ಹೆಸರು ಇರಲಿಲ್ಲವೆಂದು ಅರ್ಥವೇ?” ಎಂದು ಆಕ್ಷೇಪಿಸಿದವರಿಗಾಗಿ ಇದೇ ಕ್ರಮವನ್ನು ಲ್ಯುದ್ಮಿಲಾ ಎಂಬ ಹೆಸರಿನ ಮೇಲೂ ನಡೆಸಿದೆ. ಮೂರೇ ವಾರದ ಕೆಲಸ, ಖರ್ಚು ನಾನೂರು ರೂಪಾಯಿ ದಾಟಲಿಲ್ಲ. ಅದು ಕಾವ್ಯದ ಬಳಿ ನಿಲ್ಲದೆ ನೇರವಾಗಿ ಹಿಂದಕ್ಕೆ ಹೋಗಿ, 921ರಲ್ಲಿ ಕೊಲೆಯಾದ ಬೊಹೀಮಿಯಾದ, ಅಂದರೆ ಇಂದಿನ ಚೆಕ್ ನಾಡಿನ, ಸಂತ ಲ್ಯುದ್ಮಿಲಾಳನ್ನು ಮುಟ್ಟಿತು. ಹಳೆಯ ಹೆಸರಾದರೆ ಹಳೆಯ ಹೆಂಗಸು ಸಿಗುತ್ತಾಳೆ ಎಂದು ತೋರಿಸಲು ನನಗೆ ಅಷ್ಟು ಸಾಕಾಗಿತ್ತು.

ಇನ್ನೊಂದು ಪ್ರಯೋಗದಲ್ಲಿ ಮಾತ್ರ ಮುಗ್ಗರಿಸಿದೆ. ಬೆಂಗಳೂರಿನ ಕನಕಪುರ ರಸ್ತೆಯ ತಾತಗುಣಿ ತೋಟದಲ್ಲಿ ದೇವಿಕಾರಾಣಿಯವರೊಡನೆ ಬಾಳಿದ ಕಲಾವಿದ ಸ್ವೆತೊಸ್ಲಾವ್ ರೋರಿಕ್ ಅವರ ಹೆಸರಿನಲ್ಲೂ ಅದೇ ಬೆಳಕಿದೆ ಎಂದು ಒಂದು ಭಾಷಣದಲ್ಲಿ ಹೇಳಿಬಿಟ್ಟಿದ್ದೆ. ರಷ್ಯನ್ನಿನಲ್ಲಿ ಅವರ ಹೆಸರು ಸ್ವ್ಯತೊಸ್ಲಾವ್. ಅದರಲ್ಲಿರುವುದು ಪವಿತ್ರವೆಂಬ ಅರ್ಥದ ‘ಸ್ವ್ಯತ್’, ಬೇರೆಯೇ ಧಾತು. ಬೆಲರೂಸಿಯನ್ನಿನಲ್ಲಿ ನಮ್ಮ ಹೆಸರೂ ‘ಸ್ವ್ಯತ್ಲಾನಾ’ ಎಂದಾಗುವುದರಿಂದ ಗೊಂದಲ ಇನ್ನಷ್ಟು ಹೆಚ್ಚಿತು. ಬಿಡಿಸಿದ್ದು ಉಕ್ರೇನಿಯನ್: ಅಲ್ಲಿ ಬೆಳಕು ‘ಸ್ವಿತ್ಲೊ’, ಹೆಸರು ‘ಸ್ವಿತ್ಲಾನಾ’, ಪವಿತ್ರ ಮಾತ್ರ ‘ಸ್ವ್ಯತಿ’ಯಾಗಿಯೇ ಉಳಿಯುತ್ತದೆ. ಅಂದಿನಿಂದ ಅನುಮಾನವಿರುವ ಯಾವ ಸ್ಲಾವ್ ಹೆಸರನ್ನಾದರೂ ಮೊದಲು ಉಕ್ರೇನಿಯನ್ ರೂಪಕ್ಕೆ ತಿಕ್ಕಿ ನೋಡುತ್ತೇನೆ.

ನಮೂದು ಕೊನೆಗೆ ಹದಿನಾಲ್ಕು ಸಾಲುಗಳಲ್ಲಿ ಅಚ್ಚಾಯಿತು. ಸಂಭಾವನೆ 750 ರೂಪಾಯಿ, ನನ್ನ ಖರ್ಚು ಹತ್ತೊಂಬತ್ತು ಸಾವಿರದ ಆಸುಪಾಸು. ಶ್ವೇತಾಳ ನಂಟಿನ ಮಾತನ್ನು ನಾನೇ ಹೊಡೆದುಹಾಕಿದ್ದೆ. ಧಾತುವಿನ ಮಟ್ಟಿಗೆ ಅದು ಸರಿಯಾಗಿಯೇ ಇದೆಯೆಂದು ಹೇಳಿ, ಸಂಪಾದಕರೇ ಅದನ್ನು ತಂದು ಕೊನೆಯ ಸಾಲಿನಲ್ಲಿ ಕೂರಿಸಿದರು.