ಸಿಸ್ಟಂ ಫೈಲ್ ಕೆಟ್ಟಿದೆಯಾ? ಬೀಗ ಒಡೆಯದೆ ಸರಿ ಮಾಡಿ

ಯಾವುದೋ ಡಿಎಲ್‌ಎಲ್ ಫೈಲ್ (ಪ್ರೋಗ್ರಾಂಗಳು ಓಡಲು ಬಳಸುವ ಪೂರಕ ಫೈಲ್) ಸಿಗುತ್ತಿಲ್ಲ ಎಂದು ವಿಂಡೋಸ್ ಹೇಳಿದರೆ ಸಾಕು, ಜನ ಸಿಕ್ಕ ಸೈಟಿನಿಂದ ಅದನ್ನು ಡೌನ್‌ಲೋಡ್ ಮಾಡಿ ವಿಂಡೋಸ್‌ನ ಮುಖ್ಯ ಫೈಲುಗಳಿರುವ ಸಿಸ್ಟಂ32 ಫೋಲ್ಡರಿಗೆ ಹಾಕಲು ಹೊರಡುತ್ತಾರೆ. 'ಟ್ರಸ್ಟೆಡ್‌ಇನ್‌ಸ್ಟಾಲರ್ ಅನುಮತಿ ಬೇಕು' (ಅಂದರೆ ವಿಂಡೋಸ್‌ನದೇ ಇನ್‌ಸ್ಟಾಲ್ ಸೇವೆಯ ಅನುಮತಿ) ಎಂದು ಅಡ್ಡ ಬಂದರೆ, ವಿಡಿಯೊ ನೋಡಿ ಫೈಲಿನ ಒಡೆತನವನ್ನೇ ತಮ್ಮ ಹೆಸರಿಗೆ ಮಾಡಿಕೊಳ್ಳುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಆ ತಡೆ ಇರುವುದು ನಿಮಗಾಗಿಯೇ.

ವಿಂಡೋಸ್ 98ರ ಕಾಲದಲ್ಲಿ ಯಾವ ಪ್ರೋಗ್ರಾಂ ಬೇಕಾದರೂ ಸಿಸ್ಟಂ ಫೈಲಿನ ಮೇಲೆ ತನ್ನ ಹಳೆಯ ಪ್ರತಿ ಬರೆದುಬಿಡುತ್ತಿತ್ತು. ಒಂದು ಪ್ರೋಗ್ರಾಂ ಹಾಕಿದರೆ ಇನ್ನೊಂದು ಕೆಲಸ ನಿಲ್ಲಿಸುತ್ತಿತ್ತು. ವಿಂಡೋಸ್ 2000ದಲ್ಲಿ ಕಾವಲು ಬಂತು: ಫೈಲ್ ಬದಲಾದರೆ ಮೂಲ ಪ್ರತಿ ತಾನಾಗಿ ವಾಪಸ್. ವಿಸ್ಟಾದಿಂದ ಈಚೆಗೆ ಮುಖ್ಯ ಫೈಲುಗಳ ಒಡೆಯ ಟ್ರಸ್ಟೆಡ್‌ಇನ್‌ಸ್ಟಾಲರ್. ಅಡ್ಮಿನ್ ಆಗಿದ್ದರೂ ನಿಮಗೆ ಓದುವ, ನಡೆಸುವ ಹಕ್ಕು ಮಾತ್ರ. ಒಡೆತನ ನೀವು ತೆಗೆದುಕೊಂಡರೆ, ಅಡ್ಮಿನ್ ಹಕ್ಕಿನಲ್ಲಿ ಓಡುವ ವೈರಸ್ಸಿಗೂ ಅಲ್ಲಿ ಬರೆಯಲು ದಾರಿ ಸಲೀಸು.

ಈಗ ಕೆಲಸಕ್ಕೆ ಬನ್ನಿ. ತೆರೆದಿರುವುದನ್ನೆಲ್ಲ ಸೇವ್ ಮಾಡಿ, ಚಾರ್ಜರ್ ಹಾಕಿ, ಇಂಟರ್ನೆಟ್ ಇರಲಿ. ಸ್ಟಾರ್ಟ್‌ನಲ್ಲಿ ಸಿಎಂಡಿ (cmd, ಆದೇಶ ಟೈಪ್ ಮಾಡುವ ಕಮಾಂಡ್ ಪ್ರಾಂಪ್ಟ್) ಎಂದು ಹುಡುಕಿ, ರೈಟ್ ಕ್ಲಿಕ್ ಮಾಡಿ 'ರನ್ ಆಸ್ ಅಡ್ಮಿನಿಸ್ಟ್ರೇಟರ್' ಆರಿಸಿ.

ಮುಗ್ಗರಿಸುವುದು ಇಲ್ಲಿಂದಲೇ. ಎಲ್ಲರೂ ಸಿಸ್ಟಂ ಫೈಲುಗಳನ್ನು ಪರೀಕ್ಷಿಸಿ ಸರಿಪಡಿಸುವ ಎಸ್‌ಎಫ್‌ಸಿ ಸ್ಕ್ಯಾನ್‌ಗೆ ನೇರ ಹೋಗುತ್ತಾರೆ. ಆದರೆ ಸ್ಕ್ಯಾನ್ ಒಳ್ಳೆಯ ಪ್ರತಿಯನ್ನು ತರುವುದು ವಿನ್‌ಎಸ್‌ಎಕ್ಸ್‌ಎಸ್ (WinSxS) ಎಂಬ ದಾಸ್ತಾನು ಫೋಲ್ಡರಿನಿಂದ. ಅದೇ ಕೆಟ್ಟಿದ್ದರೆ ಏನು ಪ್ರಯೋಜನ? ಹಾಗಾಗಿ ಮೊದಲು ದಾಸ್ತಾನು ಸರಿ ಮಾಡಿ:

ಡಿಐಎಸ್‌ಎಂ /ಆನ್‌ಲೈನ್ /ಕ್ಲೀನಪ್-ಇಮೇಜ್ /ರಿಸ್ಟೋರ್‌ಹೆಲ್ತ್

ಇದನ್ನು ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಿ: DISM /Online /Cleanup-Image /RestoreHealth. ಪ್ರತಿ ಓರೆಗೆರೆಯ ಮುಂಚೆ ಒಂದು ಸ್ಪೇಸ್, ಅದರ ನಂತರ ಬೇಡ. ಕ್ಲೀನಪ್ ಮತ್ತು ಇಮೇಜ್ ನಡುವೆ ಚಿಕ್ಕ ಅಡ್ಡಗೆರೆ. ರಿಸ್ಟೋರ್‌ಹೆಲ್ತ್ ಒಂದೇ ಪದ. ಬೇಕಾದ ಪ್ರತಿಗಳು ವಿಂಡೋಸ್ ಅಪ್‌ಡೇಟ್‌ನಿಂದ ಬರುತ್ತವೆ. ಶೇಕಡಾವಾರು ಅಂಕಿ ಒಂದೇ ಕಡೆ ನಿಂತಂತೆ ಕಾಣಬಹುದು. ಗಾಬರಿಯಾಗಿ ವಿಂಡೋ ಮುಚ್ಚಬೇಡಿ, ಕಾಯಿರಿ.

ಅದು ಮುಗಿದ ಮೇಲೆಯೇ 'ಎಸ್‌ಎಫ್‌ಸಿ /ಸ್ಕ್ಯಾನ್‌ನೌ'. ಇಂಗ್ಲಿಷಿನಲ್ಲಿ sfc /scannow. ಇಲ್ಲೂ ಎಸ್‌ಎಫ್‌ಸಿ ನಂತರ ಸ್ಪೇಸ್ ಬೇಕು. ದೋಷ ಸಿಕ್ಕಿಲ್ಲ ಎಂದರೆ ತೊಂದರೆ ಬೇರೆಲ್ಲೋ ಇದೆ. ಬಹುಶಃ ಆ ಫೈಲ್ ಕೇಳುತ್ತಿರುವ ಪ್ರೋಗ್ರಾಂ ಅನ್ನೇ ಮತ್ತೆ ಇನ್‌ಸ್ಟಾಲ್ ಮಾಡಬೇಕು. ರಿಪೇರಿಯಾಯಿತು ಎಂದರೆ ರೀಸ್ಟಾರ್ಟ್ ಮಾಡಿ.

ಅಂದಹಾಗೆ, ವಿನ್‌ಎಸ್‌ಎಕ್ಸ್‌ಎಸ್ ಜಾಸ್ತಿ ಜಾಗ ತಿನ್ನುತ್ತದೆ ಎಂದು ಅದನ್ನು ಕೈಯಾರೆ ಅಳಿಸಬೇಡಿ. ಅಲ್ಲಿನ ಎಷ್ಟೋ ಫೈಲುಗಳು ಸಿಸ್ಟಂ32ರಲ್ಲಿ ಕಾಣುವ ಅವೇ ಫೈಲುಗಳು, ಎಕ್ಸ್‌ಪ್ಲೋರರ್ ಎರಡು ಸಲ ಲೆಕ್ಕ ಹಾಕುತ್ತದೆ ಅಷ್ಟೆ. ಜಾಗ ಬೇಕಿದ್ದರೆ ವಿಂಡೋಸ್‌ನದೇ ಡಿಸ್ಕ್ ಕ್ಲೀನಪ್ ಬಳಸಿ. 'ಪಿಸಿ ವೇಗ ಹೆಚ್ಚಿಸುವ' ಕ್ಲೀನರ್‌ಗಳ ಸಹವಾಸವೇ ಬೇಡ.

ಕೆಲವು ಫೈಲ್ ಸರಿ ಮಾಡಲಾಗಲಿಲ್ಲ ಎಂದೇ ಬಂತಾ? ವಿಂಡೋಸ್ ಫೋಲ್ಡರಿನ ಲಾಗ್ಸ್, ಅದರೊಳಗೆ ಸಿಬಿಎಸ್ ತೆರೆದು ಲಾಗ್ ಫೈಲ್ ನೋಡಿ. 'ಎಸ್‌ಆರ್' ([SR]) ಗುರುತಿರುವ ಸಾಲುಗಳಲ್ಲಿ ಕೆಟ್ಟ ಫೈಲಿನ ಹೆಸರು ಸಿಗುತ್ತದೆ. ಆಮೇಲೆ ಮೈಕ್ರೋಸಾಫ್ಟ್‌ನ ಇನ್‌ಸ್ಟಾಲೇಶನ್ ಫೈಲಿನಿಂದ, 'ಫೈಲ್ ಮತ್ತು ಆಪ್ ಉಳಿಸಿಕೊಳ್ಳಿ' ಆಯ್ಕೆಯೊಂದಿಗೆ, ವಿಂಡೋಸ್ ಮೇಲೆಯೇ ಮತ್ತೆ ವಿಂಡೋಸ್ ಹಾಕಿ. ಅದಕ್ಕೂ ಮೊದಲು ಫೋಟೊ, ದಾಖಲೆಗಳ ಬ್ಯಾಕಪ್ ಆಗಿರಲಿ.