ಹಳೆ ಬೆಳ್ಳಿ ಮಾರುವ ಮುನ್ನ ‘ಟಚ್’ ಕೇಳಿ

ಮನೆಯಲ್ಲಿರುವ ಹಳೆ ಬೆಳ್ಳಿ ಮಾರಬೇಕು ಎಂದುಕೊಂಡಿದ್ದೀರಾ? ಅಂಗಡಿಗೆ ಹೋಗಿ ‘ಇದಕ್ಕೆ ಎಷ್ಟು ಕೊಡ್ತೀರಿ’ ಎಂದು ಕೇಳಬೇಡಿ. ‘ಟಚ್ ಎಷ್ಟು ಹಿಡೀತೀರಿ’ ಎಂದು ಕೇಳಿ. ಬೆಂಗಳೂರಿನ ನಗರ್ತಪೇಟೆಯಿರಲಿ, ನಿಮ್ಮೂರಿನ ಸಣ್ಣ ಅಂಗಡಿಯಿರಲಿ, ಹಳೆ ಬೆಳ್ಳಿಯ ಲಾಭ ಬಹುಪಾಲು ಅಡಗಿರುವುದು ಇಲ್ಲೇ. ನೂರು ಗ್ರಾಂ ಒಡವೆಯಲ್ಲಿ ಅಪ್ಪಟ ಬೆಳ್ಳಿ 70 ಗ್ರಾಂ ಇದ್ದರೆ ಅದು 70 ಟಚ್. ಉಳಿದದ್ದು ತಾಮ್ರ, ಬೆಸುಗೆ, ಇತ್ಯಾದಿ.

ಒಂದು ಜೊತೆ ಕಾಲುಚೈನು ತೆಗೆದುಕೊಳ್ಳಿ, 120 ಗ್ರಾಂ. ಲೆಕ್ಕ ಸುಲಭವಾಗಲಿ ಎಂದು ಬೆಳ್ಳಿ ಗ್ರಾಂಗೆ 100 ರೂಪಾಯಿ ಎಂದಿಟ್ಟುಕೊಳ್ಳೋಣ. ನೀವು ಕೊಳ್ಳುವಾಗ ಎಷ್ಟೋ ಅಂಗಡಿಗಳಲ್ಲಿ ಟಚ್‌ನ ಮಾತೇ ಬರುವುದಿಲ್ಲ. ಪೂರ್ತಿ 120 ಗ್ರಾಂಗೂ ಬೆಳ್ಳಿ ರೇಟು ಹಾಕಿ 12,000, ಮಜೂರಿ ಶೇ 10 ಎಂದರೆ 1,200, ಅದರ ಮೇಲೆ ಶೇ 3 ಜಿಎಸ್‌ಟಿ ಸೇರಿ 13,596 ರೂಪಾಯಿ ಕೊಡುತ್ತೀರಿ. ಅದೇ ಚೈನು ಮಾರಲು ಹೋದಾಗ ಮಾತ್ರ ಟಚ್ ಎದ್ದು ಬರುತ್ತದೆ! ಮಜೂರಿ, ತೆರಿಗೆ ಎರಡೂ ವಾಪಸ್ ಬರುವುದಿಲ್ಲ. ಚೈನು ನಿಜಕ್ಕೂ 72 ಟಚ್ ಇದ್ದರೆ ಅದರಲ್ಲಿ 86.4 ಗ್ರಾಂ ಬೆಳ್ಳಿ ಇದೆ. ವ್ಯಾಪಾರಿ ಕಣ್ಣಳತೆಯಲ್ಲಿ 65 ಹಿಡಿದು 78 ಗ್ರಾಂ ಎನ್ನುತ್ತಾನೆ. ರೇಟಿನಲ್ಲೂ ಗ್ರಾಂಗೆ 3 ರೂಪಾಯಿ ಇಳಿಸುತ್ತಾನೆ. ನಿಮ್ಮ ಕೈಗೆ 7,566. ಕರಗಿಸಿದರೆ ಅವನಿಗೆ ಸಿಗುವುದು 8,640ರ ಬೆಳ್ಳಿ. ನಡುವಿನ 1,074 ರೂಪಾಯಿಯಲ್ಲಿ ಕರಗಿಸುವ ಖರ್ಚು, ಅದರಲ್ಲಾಗುವ ನಷ್ಟ, ಅಂಗಡಿ ಬಾಡಿಗೆ ಎಲ್ಲ ಹೋಗಬೇಕು, ಅದನ್ನು ಒಪ್ಪೋಣ. ಆದರೆ ರೇಟಿನ 3 ರೂಪಾಯಿ ನಿಮಗೆ ಕಾಣುತ್ತದೆ, 72ರಿಂದ 65ಕ್ಕೆ ಇಳಿಸಿದ 7 ಟಚ್ ಕಾಣುವುದಿಲ್ಲ. ನನ್ನ ತಕರಾರು ಅಷ್ಟೇ.

ಮೊದಲ ಕೆಲಸ ಮನೆಯಲ್ಲೇ. ಎಲ್ಲವನ್ನೂ ಹರಡಿಕೊಂಡು ಬೇರೆ ಬೇರೆ ಗುಡ್ಡೆ ಮಾಡಿ. ಕಾಲುಚೈನು, ಗೆಜ್ಜೆ, ಉಡಿದಾರ ಒಂದು ಕಡೆ. ಇವುಗಳಲ್ಲಿ ಬೆಸುಗೆ ಜಾಸ್ತಿ, ಟಚ್ ಕಡಿಮೆ. ಲೋಟ, ತಟ್ಟೆ, ಪಂಚಪಾತ್ರೆಗಳದ್ದು ಸಾಮಾನ್ಯವಾಗಿ ಹೆಚ್ಚಿನ ಟಚ್, ಅವು ಇನ್ನೊಂದು ಕಡೆ. ಎಲ್ಲ ಒಂದೇ ಚೀಲದಲ್ಲಿ ಸುರಿದು ಕೊಟ್ಟರೆ ಚೈನಿನ ಟಚ್ಚೇ ತಟ್ಟೆಗೂ ಬೀಳುತ್ತದೆ. ಜರ್ಮನ್ ಸಿಲ್ವರ್ ಇದ್ದರೆ ಪಕ್ಕಕ್ಕಿಡಿ, ಅದು ತಾಮ್ರ, ನಿಕ್ಕೆಲ್, ಸತುವಿನ ಮಿಶ್ರಣ, ಬೆಳ್ಳಿ ಒಂದು ಚೂರೂ ಇಲ್ಲ. ಒಳಗೆ ಅರಗು ತುಂಬಿದ ಸಾಮಾನಿದ್ದರೆ ಅದರ ತೂಕ ಕಳೆಯುತ್ತಾರೆ, ಅದು ನ್ಯಾಯವೇ. ಕಪ್ಪಾಗಿದೆ ಎಂದು ಉಜ್ಜಿ ಉಜ್ಜಿ ಬೆಳಗಬೇಡಿ. ಕಪ್ಪಿನಿಂದ ಬೆಲೆ ಇಳಿಯುವುದಿಲ್ಲ, ಉಜ್ಜಿದರೆ ಸುಮ್ನೆ ಬೆಳ್ಳಿ ಸವೆಯುತ್ತದೆ.

ದೇವರ ಮನೆಯಲ್ಲಿ ಲಕ್ಷ್ಮೀಪೂಜೆಗೆ ಇಡುವ ಹಳೆ ಒಂದು ರೂಪಾಯಿ ನಾಣ್ಯಗಳಿವೆ ಅಲ್ವಾ? ಅವನ್ನು ದಯವಿಟ್ಟು ಕರಗಿಸಲು ಕೊಡಬೇಡಿ. ವಿಕ್ಟೋರಿಯಾ ರಾಣಿ ಕಾಲದಿಂದ 1939ರವರೆಗಿನ ರೂಪಾಯಿ 11.66 ಗ್ರಾಂ ತೂಕ, ಸುಮಾರು 91.7 ಟಚ್. 1940ರಿಂದ 1945ರವರೆಗಿನದು ಅರ್ಧ ಮಾತ್ರ ಬೆಳ್ಳಿ. 1947ರದ್ದು ಬರೀ ನಿಕ್ಕೆಲ್. ಇಸವಿ ನೋಡಿ ಬೇರೆ ಮಾಡಿ, ಮೊದಲು ನಾಣ್ಯ ಸಂಗ್ರಹಕಾರರಿಗೆ ತೋರಿಸಿ. ಅಜ್ಜಿ ಬರೆದಿಟ್ಟ ತೂಕ ತೊಲದಲ್ಲಿದ್ದರೆ ಅದೂ 11.66 ಗ್ರಾಂ ತೊಲ. ಈಗಿನ ಅಂಗಡಿಯವರು ತೊಲ ಎಂದರೆ 10 ಗ್ರಾಂ ಎನ್ನುತ್ತಾರೆ. ಹಳೆಯ 50 ತೊಲ ಎಂದರೆ 583 ಗ್ರಾಂ. ಅದಕ್ಕೇ ಮನೆಯಲ್ಲಿ ಗ್ರಾಂ ಲೆಕ್ಕದಲ್ಲಿ ತೂಗಿ, ಬರೆದುಕೊಂಡೇ ಹೊರಡಿ.

ಆಮೇಲೆ ಪರೀಕ್ಷೆ. ಅಂಗಡಿಯ ಟಚ್ ಅಳೆಯುವ ಮಷೀನಿನಲ್ಲಿಟ್ಟರೆ ಲೆಕ್ಕ ತಕ್ಷಣ ಬರುತ್ತದೆ, ಆದರೆ ಅದು ಓದುವುದು ಮೇಲ್ಮೈಯನ್ನು ಮಾತ್ರ. ಮೇಲೆ ಬೆಳ್ಳಿ ಪಾಲಿಶ್ ಇದ್ದರೆ ಟಚ್ ಜಾಸ್ತಿ ತೋರಿಸುತ್ತದೆ, ಹಾಗಾಗಿ ವ್ಯಾಪಾರಿ ಅರದಿಂದ ಸ್ವಲ್ಪ ಉಜ್ಜಿ ನೋಡುತ್ತೇನೆ ಎಂದರೆ ಬೇಸರ ಬೇಡ. ಸಾಮಾನು ಜಾಸ್ತಿಯಿದ್ದರೆ ನಿಮ್ಮ ಕಣ್ಣೆದುರೇ ಕರಗಿಸಿ, ಆ ಗಟ್ಟಿಯ ಟಚ್ ತೆಗೆಸಿ. ಹಾಲ್‌ಮಾರ್ಕ್, ಅಂದರೆ ಶುದ್ಧತೆಯ ಅಧಿಕೃತ ಮುದ್ರೆ, ಇದ್ದರೆ ಅರ್ಧ ಜಗಳ ಮುಗಿದಂತೆ, 925 ಎಂದಿದ್ದರೆ 92.5 ಟಚ್. 2025ರ ಸೆಪ್ಟೆಂಬರ್ 1ರಿಂದ ಹೊಸದಾಗಿ ಹಾಲ್‌ಮಾರ್ಕ್ ಆಗುವ ಬೆಳ್ಳಿಗೆ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಎಂಬ ಗುರುತು ಸಂಖ್ಯೆ ಇರುತ್ತದೆ, ಅದನ್ನು ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ‘ಬಿಐಎಸ್ ಕೇರ್’ ಆ್ಯಪ್‌ನಲ್ಲಿ ಹಾಕಿ ನೋಡಬಹುದು. ಆದರೆ ಬೆಳ್ಳಿಗೆ ಹಾಲ್‌ಮಾರ್ಕ್ ಕಡ್ಡಾಯವಲ್ಲ.

ರೇಟು ಕೇಳುವ ಮೊದಲು ಚಿನ್ನ-ಬೆಳ್ಳಿ ವ್ಯಾಪಾರಿಗಳ ಸಂಘವಾದ ಐಬಿಜೆಎ ಪ್ರಕಟಿಸುವ ಆ ದಿನದ ದರ ಮೊಬೈಲಿನಲ್ಲಿ ನೋಡಿಕೊಳ್ಳಿ. ಅಂಗಡಿಯಲ್ಲಿ ತೂಕ, ಟಚ್, ಗ್ರಾಂ ರೇಟು ಮೂರನ್ನೂ ಬೇರೆ ಬೇರೆ ಬರೆದು ಕೊಡಲು ಹೇಳಿ, ಆ ಚೀಟಿ ಹಿಡಿದು ಇನ್ನೂ ಎರಡು ಅಂಗಡಿ ಕೇಳಿ. ‘ಒಟ್ಟು ಇಷ್ಟು’ ಎಂದಷ್ಟೇ ಹೇಳುವವರಿಗೆ ಕೊಡಲೇಬೇಡಿ. ಮನೆಯ ಹಳೆ ಸಾಮಾನು ಮಾರುವವರಿಗೆ ಜಿಎಸ್‌ಟಿ ಇಲ್ಲ, ಆ ಹೆಸರಿನಲ್ಲಿ ಕಡಿತ ಮಾಡಿದರೆ ಒಪ್ಪಬೇಡಿ. ‘ಎಕ್ಸ್‌ಚೇಂಜ್ ಮಾಡಿದರೆ ಪೂರ್ತಿ ರೇಟು’ ಎಂದರೆ ಹೊಸ ಸಾಮಾನಿನ ಟಚ್ ಮತ್ತು ಮಜೂರಿ ಕೇಳಿ, ವ್ಯಾಪಾರಿ ಬಿಟ್ಟುಕೊಟ್ಟದ್ದು ಅಲ್ಲಿ ಅವನಿಗೆ ವಾಪಸ್ ಬಂದಿರುತ್ತದೆ. ಕುಸುರಿ ಕೆಲಸ ಚೆನ್ನಾಗಿರುವ ಹಳೆ ದೀಪ, ತಟ್ಟೆಗಳನ್ನು ಕೆಲವರು ಕರಗಿಸುವುದೇ ಇಲ್ಲ. ಪಾಲಿಶ್ ಮಾಡಿ, ಮಜೂರಿ ಸೇರಿಸಿ ಮಾರುತ್ತಾರೆ. ಅಂಥದ್ದಕ್ಕೆ ಕರಗಿಸುವ ಬೆಲೆಗಿಂತ ಮೇಲೆ ಕೇಳುವ ಹಕ್ಕು ನಿಮಗಿದೆ.

ಹಣ ಖಾತೆಗೇ ಹಾಕಿಸಿಕೊಳ್ಳಿ. ಬಿಲ್ ಇಟ್ಟುಕೊಳ್ಳಿ.

ತುರ್ತಿಗೆ ಹಣ ಬೇಕು, ವಸ್ತು ಕಳೆದುಕೊಳ್ಳಲು ಮನಸ್ಸಿಲ್ಲ ಎನ್ನುವವರು ಅಡ ಇಡುವ ದಾರಿಯನ್ನೂ ನೋಡಿ. ಆರ್‌ಬಿಐನ 2025ರ ನಿಯಮದಂತೆ ಬ್ಯಾಂಕುಗಳು ಬೆಳ್ಳಿ ಒಡವೆ, ನಾಣ್ಯಗಳ ಮೇಲೂ ಸಾಲ ಕೊಡಬಹುದು. ಒಡವೆ ಒಬ್ಬರಿಗೆ 10 ಕೆಜಿವರೆಗೆ, ನಾಣ್ಯ 500 ಗ್ರಾಂವರೆಗೆ. ಸಾಲ 2.5 ಲಕ್ಷದೊಳಗಿದ್ದರೆ ಬೆಲೆಯ ಶೇ 85ರವರೆಗೆ ಸಿಗಬಹುದು. ಕರಗಿಸಿದ ಗಟ್ಟಿ ಬೆಳ್ಳಿಗೆ ಮಾತ್ರ ಈ ಸಾಲವಿಲ್ಲ, ಆದ್ದರಿಂದ ಕರಗಿಸುವ ಮೊದಲೇ ಬ್ಯಾಂಕಿನಲ್ಲಿ ಒಮ್ಮೆ ವಿಚಾರಿಸಿ.