ಹೋಮ್‌ಸ್ಟೇ ವೆಬ್‌ಸೈಟ್ ಇರುವವರಿಗೆ: ಸರ್ಟಿಫಿಕೇಟ್ ಬಗ್ಗೆ ಸಲಹೆ

ಕಾರವಾರ, ಗೋಕರ್ಣದ ಕಡೆ ಹೋಮ್‌ಸ್ಟೇ ಸೈಟನ್ನು ಸ್ವಂತ ಸರ್ವರ್‌ನಲ್ಲಿ ಇಟ್ಟವರು ದಯವಿಟ್ಟು ಗಮನಿಸಿ. ಸೈಟ್ ಸುರಕ್ಷಿತ (https) ಎಂದು ಬ್ರೌಸರ್‌ಗೆ ತೋರಿಸುವ ಸರ್ಟಿಫಿಕೇಟನ್ನು ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸೇವೆಯಿಂದ ಪಡೆದರೆ ದುಡ್ಡು ಬೇಡ, ಆದರೆ ಸಾಮಾನ್ಯವಾಗಿ 90 ದಿನಕ್ಕೆ ಅವಧಿ ಮುಗಿಯುತ್ತದೆ. ನೆನಪಿಸಲು ಬರುತ್ತಿದ್ದ ಇಮೇಲನ್ನೂ 2025ರಲ್ಲಿ ನಿಲ್ಲಿಸಿದ್ದಾರೆ.

ಈ ಸರ್ಟಿಫಿಕೇಟ್ ತರಿಸುವ ಸರ್ಟ್‌ಬಾಟ್ ಎಂಬ ಪ್ರೋಗ್ರಾಂ ಅದನ್ನು ತಾನೇ ರಿನ್ಯೂ ಮಾಡುತ್ತದೆ. ಆದರೂ ‘ಡ್ರೈ ರನ್’ (ಪರೀಕ್ಷೆಗಷ್ಟೇ ಮಾಡುವ ರಿನ್ಯೂ) ಕೊಟ್ಟು ಒಮ್ಮೆ ನೋಡಿ. ಎರರ್ ಬಂದರೆ ಮೊದಲು ಫೈರ್‌ವಾಲ್ ನೋಡಿ. ಸೈಟ್ ನಿಮ್ಮದೇ ಎಂದು ನೋಡುವ ಎಚ್‌ಟಿಟಿಪಿ ಪರಿಶೀಲನೆ ನಡೆಯುವುದು 80ನೇ ಪೋರ್ಟ್‌ನಲ್ಲಿ (ಪೋರ್ಟ್ ಎಂದರೆ ಸರ್ವರ್‌ಗೆ ಸಂಪರ್ಕ ಬರುವ ಬಾಗಿಲು), https ಬಳಸುವ 443 ಮಾತ್ರ ತೆರೆದಿಟ್ಟರೆ ಸಾಲದು.

ಸೈಟನ್ನು ಬ್ರೌಸರ್‌ಗೆ ಕಳಿಸುವ ಎಂಜಿನ್‌ಎಕ್ಸ್ (nginx) ಪ್ರೋಗ್ರಾಂಗೆ ‘ಫುಲ್‌ಚೈನ್’ ಫೈಲನ್ನೇ (ನಿಮ್ಮ ಸರ್ಟಿಫಿಕೇಟ್ ಜೊತೆ ಮಧ್ಯದ ಸರ್ಟಿಫಿಕೇಟೂ ಇರುವ ಫೈಲ್) ಕೊಡಿ. ಬರೀ ‘ಸರ್ಟ್’ ಫೈಲ್ ಕೊಟ್ಟರೆ ನಿಮ್ಮ ಲ್ಯಾಪ್‌ಟಾಪಲ್ಲಿ ಎಲ್ಲ ಸರಿ ಕಾಣಬಹುದು, ಅತಿಥಿಗಳ ಫೋನಲ್ಲಿ ‘ಸುರಕ್ಷಿತವಲ್ಲ’ ಅಂತ ಬರಬಹುದು. ಅದನ್ನು ನೋಡಿದ ಮೇಲೆ ಯಾರು ಬುಕಿಂಗ್ ಮಾಡುತ್ತಾರೆ, ಅಲ್ವಾ? ಹೊಸ ಸರ್ಟಿಫಿಕೇಟ್ ಬಂದಾಗ ಎಂಜಿನ್‌ಎಕ್ಸ್ ರಿಲೋಡ್ ಆಗಲೇಬೇಕು. ಆ ಕಮಾಂಡನ್ನು ಡಿಪ್ಲಾಯ್ ಹುಕ್‌ನಲ್ಲಿ (ರಿನ್ಯೂ ಆದ ಮೇಲೆ ಸರ್ಟ್‌ಬಾಟ್ ತಾನೇ ಓಡಿಸುವ ಕಮಾಂಡಿನ ಜಾಗ) ಬರೆದಿಡಿ.